ಟೇಪ್ ಡ್ರೈವ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಸರಿಯಾದ ಕ್ರಮ, ಅದಕ್ಕೆ ಹೊಂದುವ ಬ್ಯಾಕಪ್ ಸಾಫ್ಟ್‌ವೇರ್ ಆರಿಸುವ ಬಗೆ

ಟೇಪ್ ಡ್ರೈವ್ ಎಂದರೆ ಬ್ಯಾಕಪ್ ಡೇಟಾವನ್ನು ಮ್ಯಾಗ್ನೆಟಿಕ್ ಟೇಪಿಗೆ ಬರೆಯುವ, ಓದುವ ಯಂತ್ರ. ಅದು ಸಿಕ್ಕಿಕೊಂಡಿದೆ ಎಂದು ಫೋನ್ ಮಾಡುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಪವರ್ ಆಫ್ ಮಾಡಿರುತ್ತಾರೆ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿ, ಆಮೇಲೆ ಟೇಪ್ ಓದುತ್ತಿಲ್ಲ ಎಂದು ಕಂಗಾಲಾಗುತ್ತಾರೆ. ಅದೇ ತಪ್ಪು, ಅದೇ ಜಾಗದಲ್ಲಿ, ಮತ್ತೆ ಮತ್ತೆ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ನಾನು ನೋಡಿದ ಸಿಕ್ಕಿಕೊಂಡ ಡ್ರೈವ್‌ಗಳಲ್ಲಿ ಬಹುಪಾಲು ಕೆಟ್ಟಿರಲಿಲ್ಲ. ಯಾವುದೋ ಸಾಫ್ಟ್‌ವೇರ್ ಅವುಗಳನ್ನು ಬಿಡದೆ ಹಿಡಿದುಕೊಂಡಿತ್ತು. ಹಾಗಾಗಿ ರೀಸೆಟ್ ಮಾಡುವುದು ಮತ್ತು ಸಾಫ್ಟ್‌ವೇರ್ ಆರಿಸುವುದು ಎರಡು ಬೇರೆ ವಿಷಯ ಅಲ್ಲ. ಹೊಂದದ ಸಾಫ್ಟ್‌ವೇರ್ ಹಾಕಿಕೊಂಡರೆ ವಾರಕ್ಕೊಮ್ಮೆ ರೀಸೆಟ್ ಮಾಡುತ್ತಲೇ ಇರಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಎಲ್‌ಟಿಒ (ಹಲವು ಕಂಪನಿಗಳು ಒಪ್ಪಿಕೊಂಡ ಒಂದು ಟೇಪ್ ಮಾದರಿ, ಎಲ್‌ಟಿಒ-6ರಲ್ಲಿ 6 ಎಂಬುದು ಅದರ ತಲೆಮಾರು) ಡ್ರೈವ್‌ಗಳ ಬಗ್ಗೆ. ಇವತ್ತು ಆಫೀಸು, ಸ್ಟುಡಿಯೋ, ಡೇಟಾ ಸೆಂಟರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಅವೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಡೇಟಾ ಇಲ್ಲದ ಒಂದು ಒಳ್ಳೆಯ ಟೇಪ್. ಇದು ಪರೀಕ್ಷೆಗೆ ಮಾತ್ರ. ಮೇಲೆ ದೊಡ್ಡದಾಗಿ "ಟೆಸ್ಟ್" ಎಂದು ಬರೆದು ಬೇರೆ ಇಡಿ. ಜೊತೆಗೆ ಒಂದು ಕ್ಲೀನಿಂಗ್ ಟೇಪ್.

ನಿಮ್ಮ ಡ್ರೈವ್ ಕಂಪನಿಯ ಪರೀಕ್ಷಾ ಸಾಫ್ಟ್‌ವೇರ್ ಬೇಕು. ಐಬಿಎಂ ಡ್ರೈವ್‌ಗೆ ಐಟಿಡಿಟಿ, ಎಚ್‌ಪಿಇ ಡ್ರೈವ್‌ಗೆ ಲೈಬ್ರರಿ ಅಂಡ್ ಟೇಪ್ ಟೂಲ್ಸ್, ಕ್ವಾಂಟಮ್‌ಗೆ ಎಕ್ಸ್‌ಟಾಕ್. ಲಿನಕ್ಸ್‌ನಲ್ಲಾದರೆ ಎಂಟಿ (mt), ಎಂಟಿಎಕ್ಸ್ (mtx), ಎಲ್‌ಎಸ್‌ಸ್ಕಸಿ (lsscsi) ಮತ್ತು ಎಸ್‌ಜಿ3 ಯುಟಿಲ್ಸ್ (sg3_utils) ಎಂಬ ಟೂಲ್‌ಗಳನ್ನು ಹಾಕಿಕೊಳ್ಳಿ. ತೊಂದರೆ ಬಂದ ರಾತ್ರಿ ಡೌನ್‌ಲೋಡ್ ಮಾಡಲು ಕೂರಬೇಡಿ.

ಒಂದು ನೋಟ್‌ಬುಕ್ಕೂ ಬೇಕು. ಯಾವ ಟೇಪ್, ಎಷ್ಟು ಗಂಟೆಗೆ, ಯಾವ ದೀಪ, ಪರದೆಯ ಮೇಲೆ ಯಾವ ಸಂದೇಶ ಎಂದು ಬರೆದಿಡಿ. ರೀಸೆಟ್ ಆದ ಮೇಲೆ ಈ ಸುಳಿವುಗಳಲ್ಲಿ ಅರ್ಧ ಅಳಿಸಿ ಹೋಗಿರುತ್ತವೆ.

# ಭಾಗ ಒಂದು: ರೀಸೆಟ್

## ಹಂತ 1: ಏನೂ ಮುಟ್ಟದೆ ಹತ್ತು ನಿಮಿಷ ಕಾಯಿರಿ

ಇದೇ ಎಲ್ಲಕ್ಕಿಂತ ಕಷ್ಟದ ಹಂತ. ಡ್ರೈವ್ ಸುಮ್ನೆ ಕೂತಿದೆ ಅನ್ನಿಸುತ್ತದೆ, ಆದರೆ ಒಳಗೆ ಕೆಲಸ ನಡೆಯುತ್ತಿರುತ್ತದೆ. ಎಲ್‌ಟಿಒ-6 ಟೇಪ್ 846 ಮೀಟರ್ ಉದ್ದ, ಎಲ್‌ಟಿಒ-8 ಟೇಪ್ 960 ಮೀಟರ್. ಕೊನೆಯಲ್ಲಿ ನಿಂತ ಟೇಪ್ ಪೂರ್ತಿ ಹಿಂದೆ ಸುತ್ತಿಕೊಳ್ಳಲು ಎರಡು ನಿಮಿಷದವರೆಗೂ ಹಿಡಿಯಬಹುದು. ಓದಲು ಕಷ್ಟವಾದ ಜಾಗ ಸಿಕ್ಕರೆ ಡ್ರೈವ್ ಅಲ್ಲೇ ಹಿಂದೆ ಮುಂದೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಕಿವಿ ಹತ್ತಿರ ಇಟ್ಟು ಕೇಳಿ. ಒಂದೇ ಸಮ "ಸುಂಯ್" ಎನ್ನುತ್ತಿದ್ದರೆ ರಿವೈಂಡ್ ನಡೆಯುತ್ತಿದೆ. "ಸರ್ರ್" ಎಂದು ಓಡಿ, ನಿಂತು, ಮತ್ತೆ "ಸರ್ರ್" ಎಂದರೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಆಡುತ್ತಿದೆ. ಈ ಎರಡರಲ್ಲಿ ಯಾವುದು ಕೇಳಿದರೂ ಡ್ರೈವ್ ಸತ್ತಿಲ್ಲ.

ಎಲ್‌ಟಿಒ-9 ಬಳಸುವವರು ಇದನ್ನು ವಿಶೇಷವಾಗಿ ನೆನಪಿಡಿ. ಹೊಚ್ಚ ಹೊಸ ಎಲ್‌ಟಿಒ-9 ಟೇಪನ್ನು ಮೊದಲ ಸಲ ಹಾಕಿದಾಗ ಡ್ರೈವ್ ಆ ಟೇಪಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಸುಮಾರು 40 ನಿಮಿಷ ಸಾಕು, ಕೆಲವೊಮ್ಮೆ ಎರಡು ಗಂಟೆಯವರೆಗೂ ಹೋಗುತ್ತದೆ. ಇದನ್ನು ಹ್ಯಾಂಗ್ ಎಂದುಕೊಂಡು ಪವರ್ ತೆಗೆದವರನ್ನು ನಾನು ನೋಡಿದ್ದೇನೆ. ಮಧ್ಯದಲ್ಲಿ ನಿಲ್ಲಿಸಬೇಡಿ.

ಕಾಯಬೇಕು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬರೆದು ಮುಗಿಸಿದಾಗ ಡ್ರೈವ್ "ಡೇಟಾ ಇಲ್ಲಿಗೆ ಮುಗಿಯಿತು" ಎಂಬ ಗುರುತನ್ನು ಟೇಪಿನ ಮೇಲೆ ಹಾಕುತ್ತದೆ. ಬರೆಯುವ ಮಧ್ಯೆ ಪವರ್ ಹೋದರೆ ಆ ಗುರುತು ಬೀಳುವುದಿಲ್ಲ. ಆಮೇಲೆ ಅದೇ ಟೇಪಿಗೆ ಮುಂದುವರಿಸಿ ಬರೆಯಲು ಹೋದರೆ ಡ್ರೈವ್ ಕೊನೆಯನ್ನು ಹುಡುಕುತ್ತಾ ಅಲೆಯುತ್ತದೆ, ಕೊನೆಗೆ ಎರರ್ ಕೊಡುತ್ತದೆ. ಹಲವು ವರ್ಷಗಳ ಹಿಂದೆ ನಾನೇ ಒಂದು ಎಲ್‌ಟಿಒ-6 ಟೇಪನ್ನು ಹೀಗೆ ಹಾಳು ಮಾಡಿದ್ದೇನೆ. ತಿಂಗಳ ಕೊನೆಯ ಬ್ಯಾಕಪ್ ಅದು. ಮೊದಲ ಭಾಗ ಓದಲು ಸಿಕ್ಕಿತು, ಆ ರಾತ್ರಿ ಬರೆದದ್ದು ಸಿಗಲಿಲ್ಲ. ಅವತ್ತು ಇನ್ನು ಐದು ನಿಮಿಷ ಕಾದಿದ್ದರೆ ಸಾಕಿತ್ತು.

ಕರೆಂಟ್ ಪದೇ ಪದೇ ಹೋಗುವ ಜಾಗದಲ್ಲಿ ಸರ್ವರ್ ಮಾತ್ರ ಅಲ್ಲ, ಹೊರಗಿಟ್ಟ ಟೇಪ್ ಡ್ರೈವ್ ಕೂಡ ಯುಪಿಎಸ್ ಮೇಲೆ ಇರಬೇಕು. ಇದನ್ನು ಮರೆಯುವವರು ಬಹಳ ಜನ. ಸರ್ವರ್ ಉಳಿಯುತ್ತದೆ, ಟೇಪ್ ಹೋಗುತ್ತದೆ.

## ಹಂತ 2: ದೀಪ ಮತ್ತು ಕೋಡ್ ಓದಿ, ಫೋಟೋ ತೆಗೆಯಿರಿ

ಐಬಿಎಂ ಡ್ರೈವ್‌ಗಳ ಮುಂದೆ ಒಂದೇ ಅಕ್ಷರ ತೋರಿಸುವ ಪುಟ್ಟ ಪರದೆ ಇರುತ್ತದೆ. 1 ಬಂದರೆ ಬಿಸಿ ಜಾಸ್ತಿಯಾಗಿದೆ, 2 ಬಂದರೆ ಪವರ್ ತೊಂದರೆ, 3 ಫರ್ಮ್‌ವೇರ್ (ಡ್ರೈವ್ ಒಳಗೇ ಇರುವ ಸಾಫ್ಟ್‌ವೇರ್), 5 ಹಾರ್ಡ್‌ವೇರ್. 6 ಬಂದರೆ ತಪ್ಪು ಡ್ರೈವ್‌ನದೋ ಟೇಪಿನದೋ ಇನ್ನೂ ತೀರ್ಮಾನ ಆಗಿಲ್ಲ, 7 ಬಂದರೆ ಟೇಪಿನದೇ. 8 ಎಂದರೆ ಕೇಬಲ್ ಅಥವಾ ಕಾರ್ಡ್ ಕಡೆಯ ತೊಂದರೆ. ಸಿ ಅಕ್ಷರ ಬಂದರೆ ಕ್ಲೀನ್ ಮಾಡಿ ಎಂದರ್ಥ.

ಎಚ್‌ಪಿ ಡ್ರೈವ್‌ಗಳಲ್ಲಿ ಬೇರೆ ಬೇರೆ ದೀಪಗಳು. ರೆಡಿ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ, ಬಿಡಿ. ಟೇಪ್ ದೀಪ ಮಿನುಗಿದರೆ ಒಳಗಿನ ಟೇಪ್ ಮೇಲೆ ಅನುಮಾನ. ಡ್ರೈವ್ ದೀಪ ಮಿನುಗಿದರೆ ಡ್ರೈವ್ ಮೇಲೇ ಅನುಮಾನ.

ಡ್ರೈವ್ ತಾನೇ ಎತ್ತುವ ಎಚ್ಚರಿಕೆಗಳೂ ಇವೆ, ಅವನ್ನು ಟೇಪ್‌ಅಲರ್ಟ್ ಎನ್ನುತ್ತಾರೆ. ಒಟ್ಟು 64. ಬ್ಯಾಕಪ್ ಸಾಫ್ಟ್‌ವೇರಿನ ಲಾಗ್‌ನಲ್ಲಿ ನಂಬರ್ ಸಮೇತ ಸಿಗುತ್ತವೆ. 20 ಎಂದರೆ ಈಗಲೇ ಕ್ಲೀನ್ ಮಾಡಿ. 7 ಎಂದರೆ ಟೇಪಿನ ಆಯಸ್ಸು ಮುಗಿದಿದೆ. 9 ಎಂದರೆ ಟೇಪಿನ ಲಾಕ್ ಹಾಕಿದೆ, ಬರೆಯಲು ಆಗದು. 30 ಅಥವಾ 31 ಬಂದರೆ ಹಾರ್ಡ್‌ವೇರ್ ಕೈ ಕೊಡುತ್ತಿದೆ. 9 ಬಂದಾಗ ರೀಸೆಟ್ ಮಾಡಿ ಏನೂ ಪ್ರಯೋಜನ ಇಲ್ಲ ಅಲ್ವಾ? ಕಾರ್ಟ್ರಿಜ್ (ಟೇಪ್ ಇರುವ ಪ್ಲಾಸ್ಟಿಕ್ ಕವಚ) ಅಂಚಿನ ಪುಟ್ಟ ಗುಂಡಿಯನ್ನು ಪಕ್ಕಕ್ಕೆ ಸರಿಸಿದರೆ ಮುಗಿಯಿತು.

## ಹಂತ 3: ಡ್ರೈವ್ ಯಾರ ಹಿಡಿತದಲ್ಲಿದೆ ನೋಡಿ

ಬಹಳಷ್ಟು ಸಲ ಗಂಟು ಬಿಚ್ಚಿಕೊಳ್ಳುವುದು ಇಲ್ಲೇ.

ವಿಂಡೋಸ್‌ನಲ್ಲಿ ಮೊದಲು ಬ್ಯಾಕಪ್ ಜಾಬ್ ರದ್ದು ಮಾಡಿ, ಆಮೇಲೆ ಆ ಸಾಫ್ಟ್‌ವೇರಿನ ಎಲ್ಲ ಸರ್ವೀಸ್‌ಗಳನ್ನೂ ನಿಲ್ಲಿಸಿ. ಹಳೆಯ ಬ್ಯಾಕಪ್ ಸಾಫ್ಟ್‌ವೇರ್ ಇನ್ನೂ ಉಳಿದಿದೆಯಾ ನೋಡಿ. ಟ್ರಯಲ್‌ಗೆ ಹಾಕಿ ಮರೆತದ್ದು ಹಿಂದಿನಿಂದ ಡ್ರೈವ್ ಹಿಡಿದುಕೊಂಡಿರುವುದು ಮಾಮೂಲಿ.

ಲಿನಕ್ಸ್ ಒಂದೇ ಡ್ರೈವ್‌ಗೆ ಎಸ್‌ಟಿ0 (st0), ಎನ್‌ಎಸ್‌ಟಿ0 (nst0) ಮತ್ತು ಎಸ್‌ಜಿ (sg) ಎಂದು ಹಲವು ಹೆಸರು ಕೊಡುತ್ತದೆ. ಆ ಹೆಸರುಗಳ ಮೇಲೆ ಫ್ಯೂಸರ್ ಅಥವಾ ಎಲ್‌ಎಸ್‌ಒಎಫ್ ಓಡಿಸಿ. ಯಾವ ಪ್ರೋಗ್ರಾಂ ಹಿಡಿದಿದೆ ಎಂದು ಗೊತ್ತಾಗುತ್ತದೆ. ಬಾಕುಲಾ ಅಥವಾ ಬೇರಿಯೋಸ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಇದ್ದರೆ ಅದರ ಕನ್ಸೋಲ್‌ನಲ್ಲಿ ಮೊದಲು ಅನ್‌ಮೌಂಟ್ (ಡ್ರೈವ್ ಬಿಟ್ಟುಬಿಡು ಎಂಬ ಕಮಾಂಡ್) ಕೊಡಿ. ಅದು ಬಿಡದೆ ಎಂಟಿ ಕಮಾಂಡ್ ಕೊಟ್ಟರೆ "ಡಿವೈಸ್ ಬ್ಯುಸಿ" ಎಂದೇ ಬರುತ್ತದೆ.

ಬಲವಂತವಾಗಿ ಕೊಲ್ಲಲು ಹೋದರೂ ಪ್ರೋಗ್ರಾಂ ಸಾಯುತ್ತಿಲ್ಲವೆ? ಅದು ಡ್ರೈವ್‌ನ ಉತ್ತರಕ್ಕಾಗಿ ಕಾಯುತ್ತಿದೆ. ಲಿನಕ್ಸ್‌ನ ಟೇಪ್ ಡ್ರೈವರ್ ಮಾಮೂಲಿ ಕಮಾಂಡ್‌ಗೆ 900 ಸೆಕೆಂಡ್ ಕಾಯುತ್ತದೆ. ಡೇಟಾದ ಕೊನೆ ಹುಡುಕುವುದು, ಅಳಿಸುವುದು ಇಂಥ ದೊಡ್ಡ ಕೆಲಸಗಳಿಗೆ 14,000 ಸೆಕೆಂಡ್, ಅಂದರೆ ಹೆಚ್ಚು ಕಡಿಮೆ ನಾಲ್ಕು ಗಂಟೆ. ಅದಕ್ಕೇ ಕಿಲ್ ಕೊಟ್ಟರೂ ಅದು ಜಗ್ಗುವುದಿಲ್ಲ.

"ರಿಸರ್ವೇಶನ್ ಕಾನ್‌ಫ್ಲಿಕ್ಟ್" ಎಂಬ ಸಂದೇಶ ಬಂದರೆ ಇನ್ನೊಂದು ಸರ್ವರ್ ಈ ಡ್ರೈವ್ ಮೇಲೆ ಹಕ್ಕು ಕಾಯ್ದಿರಿಸಿದೆ ಎಂದರ್ಥ. ಆ ಸರ್ವರ್ ಕ್ರ್ಯಾಶ್ ಆಗಿದ್ದರೂ ಹಕ್ಕು ಉಳಿದಿರಬಹುದು. ಮೊದಲು ಆ ಸರ್ವರ್ ಕಡೆಯಿಂದಲೇ ಬಿಡಿಸಿ. ಆಗದಿದ್ದರೆ ಎಸ್‌ಜಿ ಪರ್ಸಿಸ್ಟ್ ಎಂಬ ಟೂಲ್‌ನಿಂದ ತೆರವು ಮಾಡಬಹುದು. ಆದರೆ ಆ ಇನ್ನೊಂದು ಸರ್ವರ್ ನಿಜವಾಗಿಯೂ ಬರೆಯುತ್ತಿಲ್ಲ ಎಂದು ಖಾತ್ರಿ ಆದ ಮೇಲೆ ಮಾತ್ರ.

## ಹಂತ 4: ಟೇಪನ್ನು ಹೊರಗೆ ತನ್ನಿ

ಮೊದಲು ಸಾಫ್ಟ್‌ವೇರ್ ಮೂಲಕ ಎಜೆಕ್ಟ್ ಕೊಡಿ. ಕೇಳದಿದ್ದರೆ ಡ್ರೈವ್ ಮುಂದಿನ ಎಜೆಕ್ಟ್ ಬಟನ್ ಒಮ್ಮೆ ಒತ್ತಿ ಕೈ ತೆಗೆಯಿರಿ. ಮತ್ತೆ ಹತ್ತು ನಿಮಿಷ ಕಾಯಿರಿ. ಬಟನ್ ಪದೇ ಪದೇ ಒತ್ತಿದರೆ ಟೇಪ್ ಬೇಗ ಬರುವುದಿಲ್ಲ.

ಆಗಲೂ ಬರದಿದ್ದರೆ ಬಲವಂತದ ಎಜೆಕ್ಟ್. ಎಚ್‌ಪಿ ಡ್ರೈವ್‌ಗಳಲ್ಲಿ ಬಟನ್ ಅನ್ನು ಕನಿಷ್ಠ 5 ಸೆಕೆಂಡ್ ಒತ್ತಿ ಹಿಡಿಯಬೇಕು. ಐಬಿಎಂನಲ್ಲಿ ಅನ್‌ಲೋಡ್ ಬಟನ್ 10 ಸೆಕೆಂಡ್ ಹಿಡಿದರೆ ಡ್ರೈವ್ ರೀಸೆಟ್ಟೇ ಆಗುತ್ತದೆ. ಅಂದರೆ ಬಟನ್ ಒಂದೇ ಆದರೂ ಎಷ್ಟು ಹೊತ್ತು ಹಿಡಿಯುತ್ತೀರಿ ಎಂಬುದರ ಮೇಲೆ ಅದರ ಕೆಲಸ ಬೇರೆ. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿ ಸೆಕೆಂಡ್ ಎಷ್ಟು ಎಂದು ನೋಡಿಕೊಂಡು, ಗಡಿಯಾರ ನೋಡುತ್ತಾ ಒತ್ತಿ. ಬರೆಯುತ್ತಿದ್ದಾಗ ಸಿಕ್ಕಿಕೊಂಡ ಟೇಪಾಗಿದ್ದರೆ ಕೊನೆಯ ಭಾಗದ ಡೇಟಾ ಹೋಗಬಹುದು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹೊರಗೆ ಬಂದ ಟೇಪನ್ನು ತಕ್ಷಣ ಮತ್ತೆ ಒಳಗೆ ಹಾಕಬೇಡಿ. ಕಾರ್ಟ್ರಿಜ್‌ನ ಮೂಲೆಯಲ್ಲಿ ಪುಟ್ಟ ಬಾಗಿಲು ಇದೆ. ಬೆರಳಿನಿಂದ ಮೆಲ್ಲಗೆ ಸರಿಸಿ ಒಳಗೆ ನೋಡಿ. ಕಡ್ಡಿಯಂಥ ಸಣ್ಣ ಪಿನ್ ಎರಡು ಕ್ಲಿಪ್‌ಗಳ ಮಧ್ಯೆ ನೆಟ್ಟಗೆ ಕೂತಿರಬೇಕು. ಟೇಪನ್ನು ಡ್ರೈವ್ ಎಳೆದುಕೊಳ್ಳುವುದು ಈ ಪಿನ್ ಹಿಡಿದೇ. ಪಿನ್ ಓರೆಯಾಗಿದ್ದರೆ, ಜಾಗ ಬಿಟ್ಟಿದ್ದರೆ ಆ ಟೇಪನ್ನು ಯಾವ ಡ್ರೈವ್‌ಗೂ ಹಾಕಬೇಡಿ. ಕೈ ಜಾರಿ ಬಿದ್ದ ಟೇಪಿನಲ್ಲಿ ಹೆಚ್ಚಾಗಿ ಆಗುವುದು ಇದೇ. ಒಂದು ಬಿದ್ದ ಟೇಪ್ ಡ್ರೈವ್ ಹಾಳು ಮಾಡುತ್ತದೆ, ಆ ಡ್ರೈವ್ ಮುಂದಿನ ಟೇಪುಗಳನ್ನು ಹಾಳು ಮಾಡುತ್ತದೆ.

ಟೇಪ್ ಬರಲೇ ಇಲ್ಲ ಎಂದಾದರೆ ಸ್ಕ್ರೂಡ್ರೈವರ್ ಎತ್ತಬೇಡಿ. ಒಳಗಿನ ಡೇಟಾ ಬೇಕಿದ್ದರೆ ಡ್ರೈವ್ ಸಮೇತ ಸರ್ವೀಸ್‌ನವರಿಗೆ ಕೊಡಿ.

## ಹಂತ 5: ಸಾಫ್ಟ್ ರೀಸೆಟ್

ಟೇಪ್ ಹೊರಗಿದೆ, ಆದರೂ ಡ್ರೈವ್ ಮಾತಾಡುತ್ತಿಲ್ಲ. ಈಗ ರೀಸೆಟ್. ಲಿನಕ್ಸ್‌ನಲ್ಲಿ ಎಲ್‌ಎಸ್‌ಸ್ಕಸಿಗೆ ಜಿ ಆಯ್ಕೆ ಕೊಟ್ಟು ಡ್ರೈವ್‌ನ ಎಸ್‌ಜಿ ಹೆಸರು ಪತ್ತೆ ಮಾಡಿ. ಆಮೇಲೆ ಎಸ್‌ಜಿ ರೀಸೆಟ್ ಕಮಾಂಡ್ ಅನ್ನು ಡಿವೈಸ್ ಮಟ್ಟಕ್ಕೆ ಮಾತ್ರ ಕೊಡಿ. ಬಸ್ ಅಥವಾ ಹೋಸ್ಟ್ ಮಟ್ಟದ ರೀಸೆಟ್ ಕೊಟ್ಟರೆ ಅದೇ ಕಾರ್ಡ್‌ನಲ್ಲಿರುವ ಡಿಸ್ಕ್‌ಗಳಿಗೂ ಬಿಸಿ ತಟ್ಟುತ್ತದೆ. ನಡು ಹಗಲಲ್ಲಿ ಆ ತಪ್ಪು ಬೇಡ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಟೇಪ್ ಡ್ರೈವ್ ಅನ್ನು ಡಿಸೇಬಲ್ ಮಾಡಿ, ಅರ್ಧ ನಿಮಿಷ ಬಿಟ್ಟು ಎನೇಬಲ್ ಮಾಡಿ. ಟೇಪ್ ಲೈಬ್ರರಿಯಾದರೆ (ಹಲವು ಡ್ರೈವ್, ಟೇಪುಗಳನ್ನು ತಾನೇ ನೋಡಿಕೊಳ್ಳುವ ದೊಡ್ಡ ಯಂತ್ರ) ಅದರ ವೆಬ್ ಪುಟದಲ್ಲಿ ಒಂದೊಂದು ಡ್ರೈವ್‌ಗೂ ಬೇರೆ ಬೇರೆ ಪವರ್ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಇಡೀ ಲೈಬ್ರರಿ ಆಫ್ ಮಾಡುವ ಅಗತ್ಯ ಇಲ್ಲ.

## ಹಂತ 6: ಪವರ್ ತೆಗೆಯುವುದು, ಇದೇ ಕ್ರಮದಲ್ಲಿ

ಮೊದಲು ಸರ್ವರ್ ಪೂರ್ತಿ ಶಟ್‌ಡೌನ್ ಮಾಡಿ. ನಂತರ ಡ್ರೈವ್ ಆಫ್. 30 ಸೆಕೆಂಡ್ ಬಿಡಿ. ಡ್ರೈವ್ ಮೊದಲು ಆನ್ ಮಾಡಿ, ಅದು ತನ್ನ ಪರೀಕ್ಷೆ ಮುಗಿಸಿ ರೆಡಿ ದೀಪ ಸ್ಥಿರವಾಗಿ ಉರಿಯುವವರೆಗೆ ಕಾಯಿರಿ. ಕೊನೆಯಲ್ಲಿ ಸರ್ವರ್ ಆನ್. ಸರ್ವರ್ ಮೊದಲು ಎದ್ದರೆ ಡ್ರೈವ್ ಅದರ ಕಣ್ಣಿಗೆ ಬೀಳದೆ ಹೋಗಬಹುದು.

ಡ್ರೈವ್ ಸರ್ವರ್ ಒಳಗೇ ಇದ್ದರೆ ರೀಸ್ಟಾರ್ಟ್ ಸಾಲದು. ರೀಸ್ಟಾರ್ಟ್‌ನಲ್ಲಿ ಡ್ರೈವ್‌ಗೆ ಪವರ್ ಕಡಿತ ಆಗುವುದೇ ಇಲ್ಲ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಸರಿಯಾಗಲಿಲ್ಲ ಎನ್ನುವವರ ಕಥೆ ಇದು. ಪೂರ್ತಿ ಶಟ್‌ಡೌನ್ ಮಾಡಿ ಪವರ್ ಕೇಬಲ್ಲೇ ತೆಗೆಯಿರಿ.

ಪ್ಯಾರಲಲ್ ಸ್ಕಸಿ ಎಂಬ ಹಳೆಯ ಬಗೆಯ ಅಗಲ ಕೇಬಲ್ ಇರುವ ಡ್ರೈವ್ ಆಗಿದ್ದರೆ ಕೇಬಲ್‌ನ ಕೊನೆಗೆ ಸಿಕ್ಕಿಸುವ ಟರ್ಮಿನೇಟರ್ ಎಂಬ ತುಂಡು ಬಿಗಿಯಾಗಿದೆಯಾ ನೋಡಿ. ಪವರ್ ಇದ್ದಾಗ ಆ ಕೇಬಲ್ ಮುಟ್ಟಬೇಡಿ.

## ಹಂತ 7: ಎದ್ದ ಮೇಲೆ ಮಾಡಬೇಕಾದ್ದು

ಮುಖ್ಯವಾದ ಟೇಪನ್ನು ಈಗಲೇ ಹಾಕಬೇಡಿ. ಮೊದಲು "ಟೆಸ್ಟ್" ಟೇಪ್ ಹಾಕಿ ಕಂಪನಿಯ ಟೂಲ್‌ನಿಂದ ಪರೀಕ್ಷೆ ನಡೆಸಿ. ಬರೆಯುವ ಪರೀಕ್ಷೆ ಟೇಪಿನಲ್ಲಿ ಇದ್ದದ್ದನ್ನು ಅಳಿಸುತ್ತದೆ, ಅದಕ್ಕೇ ಖಾಲಿ ಟೇಪ್ ಬೇಕು ಎಂದದ್ದು.

ಕ್ಲೀನಿಂಗ್ ಟೇಪನ್ನು ಡ್ರೈವ್ ಕೇಳಿದಾಗ ಹಾಕಿ. ಸುಮ್ನೆ ದಿನಾ ಹಾಕಿದರೆ ಹೆಡ್ (ಟೇಪ್ ಓದುವ, ಬರೆಯುವ ಭಾಗ) ಸವೆಯುತ್ತದೆ. ಸಾಮಾನ್ಯವಾಗಿ ಒಂದು ಕ್ಲೀನಿಂಗ್ ಟೇಪ್ 50 ಸಲದವರೆಗೆ ಬರುತ್ತದೆ. ಪ್ರತಿ ಸಲ ಮೇಲೆ ಒಂದು ಗೆರೆ ಎಳೆದಿಡಿ.

ರೀಸೆಟ್ ಆದ ಮೇಲೆ ಡ್ರೈವ್‌ನ ಹೆಸರು ಬದಲಾಗಿರಬಹುದು. ನಿನ್ನೆ ಎಸ್‌ಟಿ0 ಇದ್ದದ್ದು ಇವತ್ತು ಎಸ್‌ಟಿ1. ಲಿನಕ್ಸ್‌ನಲ್ಲಿ ಬೈ-ಐಡಿ ಹೆಸರು ಬಳಸಿದರೆ ಈ ತಲೆನೋವು ಇಲ್ಲ.

ಎನ್‌ಕ್ರಿಪ್ಟ್ ಆದ (ಕೀ ಎಂಬ ಗುಟ್ಟಿನ ಸಂಕೇತ ಇದ್ದರೆ ಮಾತ್ರ ಓದಬಹುದಾದ) ಟೇಪ್ ಓದುತ್ತಿಲ್ಲ ಎಂದು ಗಾಬರಿ ಬೇಡ. ಬ್ಯಾಕಪ್ ಸಾಫ್ಟ್‌ವೇರ್ ಕೊಟ್ಟ ಕೀ ಪವರ್ ಹೋದಾಗ ಡ್ರೈವ್‌ನಿಂದ ಅಳಿಸಿ ಹೋಗುತ್ತದೆ. ಸಾಫ್ಟ್‌ವೇರ್ ಅದನ್ನು ಮತ್ತೆ ಕೊಡಬೇಕು. ಆ ಕೀ ಸರ್ವರ್‌ನಲ್ಲಿ ಮಾತ್ರ ಇದ್ದರೆ ಮಾತ್ರ ನಿಜವಾದ ಗಾಬರಿ. ಇವತ್ತೇ ಅದರ ನಕಲು ಬೇರೆ ಕಡೆ ಇಡಿ.

## ರೀಸೆಟ್ ನಿಲ್ಲಿಸಿ, ರಿಪೇರಿಗೆ ಕೊಡಬೇಕಾದ ಲಕ್ಷಣಗಳು

ಒಳ್ಳೆಯ ಟೆಸ್ಟ್ ಟೇಪಿನಲ್ಲೂ ಅದೇ ಎರರ್. ಕ್ಲೀನ್ ಮಾಡಿದ ಕೂಡಲೇ ಮತ್ತೆ ಕ್ಲೀನ್ ದೀಪ. ಒಂದಾದ ಮೇಲೊಂದು ಬೇರೆ ಬೇರೆ ಟೇಪುಗಳು ಕೆಟ್ಟವೆಂದು ತೋರಿಸುವುದು. ಹೊರಗೆ ಬಂದ ಟೇಪಿನ ಅಂಚು ಮಡಿಸಿರುವುದು. ಇವುಗಳಲ್ಲಿ ಒಂದು ಕಂಡರೂ ಆ ಡ್ರೈವ್‌ಗೆ ಇನ್ನೊಂದು ಟೇಪ್ ಕೊಡಬೇಡಿ.

# ಭಾಗ ಎರಡು: ಹೊಂದುವ ಸಾಫ್ಟ್‌ವೇರ್

## ಹಂತ 8: ಮೊದಲು ಟೇಪ್ ಮತ್ತು ಡ್ರೈವ್ ಹೊಂದುತ್ತವೆಯಾ ನೋಡಿ

ಸಾಫ್ಟ್‌ವೇರನ್ನು ಬೈಯುವ ಮೊದಲು ಇದನ್ನು ನೋಡಿ. ಎಲ್‌ಟಿಒ-7ರವರೆಗೆ ನಿಯಮ ಸರಳ: ಡ್ರೈವ್ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತದೆ, ಒಂದು ತಲೆಮಾರು ಹಿಂದಿನದಕ್ಕೆ ಬರೆಯುತ್ತದೆ. ಎಲ್‌ಟಿಒ-8ರಿಂದ ಇದು ಬದಲಾಯಿತು. ಎಲ್‌ಟಿಒ-8 ಡ್ರೈವ್ ಹಳೆಯದರಲ್ಲಿ 7 ಮಾತ್ರ ಒಪ್ಪುತ್ತದೆ, 6 ಓದುವುದಿಲ್ಲ. ಎಲ್‌ಟಿಒ-9 ಡ್ರೈವ್ 8 ಮಾತ್ರ. 2025ರಲ್ಲಿ ಬಂದ ಎಲ್‌ಟಿಒ-10 ಹಳೆಯ ಯಾವುದನ್ನೂ ಓದುವುದಿಲ್ಲ. ಹಳೆಯ ನಿಯಮ ನಂಬಿ ಹಳೆಯ ಡ್ರೈವ್ ಗುಜರಿಗೆ ಹಾಕಿದವರು ಆಮೇಲೆ ಒದ್ದಾಡಿದ್ದಾರೆ.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ನೋಡಿ ಲೆಕ್ಕ ಹಾಕಬೇಡಿ. ಎಲ್‌ಟಿಒ-6 ಪೆಟ್ಟಿಗೆ 6.25 ಟಿಬಿ ಎನ್ನುತ್ತದೆ, ಅದು ಕಂಪ್ರೆಸ್ ಆದರೆ ಮಾತ್ರ. ನಿಜವಾದ ಜಾಗ 2.5 ಟಿಬಿ. ವಿಡಿಯೋ, ಫೋಟೋ ಇಡುವವರು ಎರಡನೆಯದನ್ನೇ ಹಿಡಿಯಿರಿ.

## ಹಂತ 9: ಕಾರ್ಡ್ ಮತ್ತು ಸರ್ವರ್

ಟೇಪ್ ಡ್ರೈವ್‌ಗೆ ಎಚ್‌ಬಿಎ ಕಾರ್ಡ್ (ಡ್ರೈವನ್ನು ಸರ್ವರ್‌ಗೆ ನೇರ ಜೋಡಿಸುವ ಕಾರ್ಡ್) ಬೇಕು. ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ರೇಡ್ ಕಾರ್ಡ್‌ಗೆ ಸಿಕ್ಕಿಸಿದರೆ ಒಂದೋ ಕಾಣುವುದೇ ಇಲ್ಲ, ಇಲ್ಲವೇ ಕಂಡು ಮಧ್ಯೆ ಮಧ್ಯೆ ಮಾಯವಾಗುತ್ತದೆ. ಆಮೇಲಿನದೇ ಹೆಚ್ಚು ಅಪಾಯ. ಸಾಫ್ಟ್‌ವೇರ್ ಸರಿ ಇಲ್ಲ ಎಂದುಕೊಂಡು ತಿಂಗಳುಗಟ್ಟಲೆ ತಡಕಾಡುತ್ತೀರಿ.

ವರ್ಚುವಲ್ ಮೆಷಿನ್ (ಒಂದು ಸರ್ವರ್ ಒಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಒಳಗಿಂದ ಟೇಪ್ ಓಡಿಸಲು ಹೋಗಬೇಡಿ. ಅಂಥ ಮೆಷಿನ್‌ಗಳನ್ನು ನಡೆಸುವ ವಿಎಂವೇರ್ ಇಎಸ್‌ಎಕ್ಸ್‌ಐಗೆ ನೇರ ಸಿಕ್ಕಿಸಿದ ಟೇಪ್ ಡ್ರೈವ್‌ಗೆ ಆ ಕಂಪನಿಯ ಬೆಂಬಲ ಇಲ್ಲ. ಹಳೆಯದಾದರೂ ಒಂದು ಬೇರೆ ಸರ್ವರ್ ಇದಕ್ಕೆ ಮೀಸಲಿಡಿ.

## ಹಂತ 10: ಕೆಲಸಕ್ಕೆ ತಕ್ಕ ಸಾಫ್ಟ್‌ವೇರ್

ವಿಂಡೋಸ್ ಜೊತೆ ಬರುವ ವಿಂಡೋಸ್ ಸರ್ವರ್ ಬ್ಯಾಕಪ್ ಟೇಪಿಗೆ ಬರೆಯುವುದಿಲ್ಲ. ಹಿಂದಿನ ಎನ್‌ಟಿಬ್ಯಾಕಪ್ ಬರೆಯುತ್ತಿತ್ತು, ಸರ್ವರ್ 2008ರಿಂದ ಆ ಸೌಲಭ್ಯ ಹೋಯಿತು. ಡ್ರೈವ್ ಕೊಂಡ ಮೇಲೆ ಇದು ಗೊತ್ತಾದರೆ ಬೇಜಾರಾಗುತ್ತದೆ, ಏಕೆಂದರೆ ಸಾಫ್ಟ್‌ವೇರ್ ಖರ್ಚು ಬೇರೆ.

ವರ್ಚುವಲ್ ಮೆಷಿನ್‌ಗಳೇ ಜಾಸ್ತಿ ಇರುವ ಆಫೀಸಿಗೆ ವೀಮ್ ಎಂಬ ಸಾಫ್ಟ್‌ವೇರ್ ಸರಿ ಹೊಂದುತ್ತದೆ. ವಿಂಡೋಸ್ ಫೈಲ್ ಸರ್ವರ್, ಡೇಟಾಬೇಸ್ ಮತ್ತು ಟೇಪ್ ಮಾತ್ರ ಇರುವ ಸಣ್ಣ ಕಡೆ ಬ್ಯಾಕಪ್ ಎಕ್ಸೆಕ್ ಇನ್ನೂ ಬಳಕೆಯಲ್ಲಿದೆ. ವರ್ಚುವಲ್ ಮೆಷಿನ್ ನಡೆಸಲು ಪ್ರಾಕ್ಸ್‌ಮಾಕ್ಸ್ ಇದ್ದರೆ ಅವರದೇ ಬ್ಯಾಕಪ್ ಸರ್ವರ್ ಎಲ್‌ಟಿಒ-5 ಮತ್ತು ಅದರ ಮೇಲಿನ ಡ್ರೈವ್‌ಗಳಿಗೆ ಬರೆಯುತ್ತದೆ, ಆದರೆ ತನ್ನ ಡೇಟಾಸ್ಟೋರ್‌ನಲ್ಲಿ (ಅದು ಬ್ಯಾಕಪ್ ಕೂಡಿಡುವ ಜಾಗ) ಇರುವುದನ್ನು ಮಾತ್ರ.

ಲಿನಕ್ಸ್ ಬಲ್ಲವರಿಗೆ ನನ್ನ ಆಯ್ಕೆ ಬಾಕುಲಾ ಅಥವಾ ಅದರಿಂದ ಕವಲೊಡೆದ ಬೇರಿಯೋಸ್. ಕಲಿಯಲು ವಾರಗಟ್ಟಲೆ ಬೇಕು, ನಿಜ. ಆದರೆ ಡ್ರೈವ್ ಯಾವ ಸ್ಥಿತಿಯಲ್ಲಿದೆ, ಯಾವ ಟೇಪಿನಲ್ಲಿ ಏನಿದೆ ಎಂದು ಇವು ಬಿಡಿಸಿ ಹೇಳುತ್ತವೆ. ಕೇವಲ ಒಂದು ಫೋಲ್ಡರ್ ಟೇಪಿಗೆ ಹಾಕಬೇಕಿದ್ದರೆ ಲಿನಕ್ಸ್‌ನ ಟಾರ್ (tar) ಕಮಾಂಡ್ ಸಾಕು. ಆದರೆ ಎನ್‌ಎಸ್‌ಟಿ0 ಹೆಸರನ್ನೇ ಬಳಸಿ. ಎಸ್‌ಟಿ0 ಬಳಸಿದರೆ ಕೆಲಸ ಮುಗಿದ ಕೂಡಲೇ ಟೇಪ್ ತಾನೇ ಹಿಂದೆ ಸುತ್ತಿಕೊಳ್ಳುತ್ತದೆ. ಮುಂದಿನ ಬ್ಯಾಕಪ್ ಮೊದಲನೆಯದರ ಮೇಲೇ ಬಂದು ಕೂರುತ್ತದೆ. ಎಷ್ಟೋ ಜನರ ಡೇಟಾ ಹೋಗಿರುವುದು ಈ ಒಂದು ಅಕ್ಷರದಿಂದ.

ಸಿನಿಮಾ, ವಿಡಿಯೋ ಕೆಲಸದವರು ಎಲ್‌ಟಿಎಫ್‌ಎಸ್ ನೋಡಿ. ಎಲ್‌ಟಿಒ-5ರಿಂದ ಇದು ಇದೆ. ಟೇಪ್ ಒಂದು ಡಿಸ್ಕ್‌ನಂತೆ ಕಾಣುತ್ತದೆ, ಯಾವ ಕಂಪನಿಯ ಬ್ಯಾಕಪ್ ಸಾಫ್ಟ್‌ವೇರೂ ಇಲ್ಲದೆ ಓದಬಹುದು. ಆದರೆ ನಿಜವಾದ ಡಿಸ್ಕ್ ಅಲ್ಲ. ಫೈಲ್ ಅಳಿಸಿದರೆ ಜಾಗ ವಾಪಸ್ ಬರುವುದಿಲ್ಲ. ಆಂಟಿವೈರಸ್ ಮತ್ತು ಫೋಟೋದ ಪುಟ್ಟ ಚಿತ್ರ ತೋರಿಸುವ ಸೌಲಭ್ಯ ಎರಡನ್ನೂ ಟೇಪಿಗೆ ಆಫ್ ಮಾಡಿ, ಇಲ್ಲದಿದ್ದರೆ ಡ್ರೈವ್ ಆ ತುದಿಗೂ ಈ ತುದಿಗೂ ಓಡುತ್ತಲೇ ಇರುತ್ತದೆ. ಅನ್‌ಮೌಂಟ್ ಮಾಡದೆ ಪವರ್ ತೆಗೆದರೆ ಇಂಡೆಕ್ಸ್ (ಟೇಪಿನಲ್ಲಿರುವ ಫೈಲ್‌ಗಳ ಪಟ್ಟಿ) ಪೂರ್ತಿ ಉಳಿಯದೆ ಹೋಗಬಹುದು.

## ಹಂತ 11: ಒಂದು ಡ್ರೈವ್, ಒಂದು ಸಾಫ್ಟ್‌ವೇರ್, ಸರಿಯಾದ ಡ್ರೈವರ್

ಒಂದೇ ಸರ್ವರ್‌ನಲ್ಲಿ ಎರಡು ಬ್ಯಾಕಪ್ ಸಾಫ್ಟ್‌ವೇರ್ ಒಂದೇ ಡ್ರೈವ್ ನೋಡುವಂತೆ ಬಿಡಬೇಡಿ. ಡ್ರೈವರ್ ವಿಷಯದಲ್ಲೂ ಎಚ್ಚರ ಬೇಕು. ಐಬಿಎಂ ಡ್ರೈವರ್ ವಿಂಡೋಸ್‌ಗೆ ಎರಡು ರೂಪದಲ್ಲಿ ಬರುತ್ತದೆ: ಎಕ್ಸ್‌ಕ್ಲೂಸಿವ್ ಮತ್ತು ನಾನ್‌ಎಕ್ಸ್‌ಕ್ಲೂಸಿವ್. ವೀಮ್ ಕೇಳುವುದು ಎರಡನೆಯದನ್ನು. ಬ್ಯಾಕಪ್ ಎಕ್ಸೆಕ್‌ನ ಹಳೆಯ ಆವೃತ್ತಿ ತನ್ನದೇ ಡ್ರೈವರ್ ತರುತ್ತಿತ್ತು. ಅದನ್ನು ತೆಗೆದು ಬೇರೆ ಸಾಫ್ಟ್‌ವೇರ್ ಹಾಕುವಾಗ ಡ್ರೈವರೂ ಬದಲಾಗಿದೆಯಾ ಎಂದು ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿ.

ಕೊಳ್ಳುವ ಮೊದಲು ಸಾಫ್ಟ್‌ವೇರ್ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಡ್ರೈವ್‌ನ ಮಾಡೆಲ್, ಫರ್ಮ್‌ವೇರ್, ಆಪರೇಟಿಂಗ್ ಸಿಸ್ಟಮ್ ಮೂರೂ ಒಟ್ಟಿಗೆ ಇವೆಯಾ ಹುಡುಕಿ. ಎರಡು ಇದ್ದು ಒಂದು ಇಲ್ಲದಿದ್ದರೆ ಅದು ಹೊಂದುವುದಿಲ್ಲ ಎಂದೇ ಲೆಕ್ಕ.

## ಹಂತ 12: ಬೇರೆ ಮೆಷಿನ್‌ನಲ್ಲಿ ವಾಪಸ್ ತೆಗೆದು ನೋಡಿ

ಒಂದು ಸಾಫ್ಟ್‌ವೇರ್ ಬರೆದ ಟೇಪನ್ನು ಇನ್ನೊಂದು ಸಾಮಾನ್ಯವಾಗಿ ಓದುವುದಿಲ್ಲ. ಸಾಫ್ಟ್‌ವೇರ್ ಬದಲಿಸಿದರೂ ಹಳೆಯದರ ಇನ್‌ಸ್ಟಾಲರ್ ಮತ್ತು ಲೈಸೆನ್ಸ್ ಟೇಪುಗಳ ಜೊತೆಗೇ ಇಡಿ.

ಬ್ಲಾಕ್ ಸೈಜ್ (ಟೇಪಿಗೆ ಒಂದು ಸಲಕ್ಕೆ ಬರೆಯುವ ಡೇಟಾದ ಅಳತೆ) ಕೂಡ ಬರೆದಿಡಿ. ಟಾರ್ ಏನೂ ಹೇಳದಿದ್ದರೆ 10,240 ಬೈಟ್ ಬಳಸುತ್ತದೆ. ನೀವು ವೇಗಕ್ಕೆಂದು 512 ಎಂದು ಕೊಟ್ಟಿದ್ದರೆ ಅದು 512 ಬೈಟ್‌ನ 512 ತುಂಡು, ಅಂದರೆ 256 ಕೆಬಿ ಆಗುತ್ತದೆ. ಓದುವಾಗ ಅದನ್ನೇ ಕೊಡದಿದ್ದರೆ "ಕೆನಾಟ್ ಅಲೊಕೇಟ್ ಮೆಮರಿ" ಎಂಬ ಸಂಬಂಧವೇ ಇಲ್ಲದ ಸಂದೇಶ ಬರುತ್ತದೆ. ರ‍್ಯಾಮ್ ಹೆಚ್ಚಿಸಲು ಓಡಬೇಡಿ, ಬ್ಲಾಕ್ ಸೈಜ್ ಸರಿ ಮಾಡಿ.

ಈಗ ಟೇಪನ್ನು ಬೇರೆ ಮೆಷಿನ್‌ಗೆ ಒಯ್ಯಿರಿ. ಡ್ರೈವ್ ಕೂಡ ಬೇರೆಯದೇ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಕರಾವಳಿ ಕಡೆ ಟೇಪ್ ಸಾಗಿಸಿದ್ದರೆ, ಅಥವಾ ಎಸಿ ಕೋಣೆಯಿಂದ ಹೊರಗೆ ತಂದಿದ್ದರೆ, ಒಂದು ದಿನ ಹೊಸ ಕೋಣೆಯಲ್ಲೇ ಬಿಟ್ಟು ಆಮೇಲೆ ಹಾಕಿ. ಟೇಪಿನ ಮೇಲೆ ತೇವ ಕೂತಿದ್ದರೆ ಹೆಡ್‌ಗೆ ಅಂಟುತ್ತದೆ.

ಸಾಫ್ಟ್‌ವೇರ್ ಇಟ್ಟುಕೊಳ್ಳುವ ಕ್ಯಾಟಲಾಗ್ (ಯಾವ ಟೇಪಿನಲ್ಲಿ ಏನಿದೆ ಎಂಬ ಪಟ್ಟಿ) ಇಲ್ಲ ಎಂದುಕೊಂಡು ಟೇಪಿನಿಂದಲೇ ಹೊಸದಾಗಿ ಪಟ್ಟಿ ಮಾಡಿಸಿ. ಟೇಪಿನ ಮೊದಲಿಂದ ಒಂದು ಫೈಲ್, ಮಧ್ಯದಿಂದ ಒಂದು, ಕೊನೆಯಿಂದ ಒಂದು ವಾಪಸ್ ತೆಗೆಯಿರಿ. ಮೂರನ್ನೂ ತೆರೆದು ನೋಡಿ. ಸರಿಯಾಗಿದ್ದರೆ ಇವತ್ತಿನ ತಾರೀಖು, ಸಾಫ್ಟ್‌ವೇರಿನ ಹೆಸರು, ಆವೃತ್ತಿ ಮತ್ತು ಬ್ಲಾಕ್ ಸೈಜನ್ನು ಒಂದು ಚೀಟಿಯಲ್ಲಿ ಬರೆದು ಟೇಪಿನ ಪ್ಲಾಸ್ಟಿಕ್ ಡಬ್ಬಿಯ ಒಳಗಿಡಿ. ಕಾರ್ಟ್ರಿಜ್ ಮೇಲೆ ಅಂಟಿಸುವುದಾದರೆ ಲೇಬಲ್‌ಗೆಂದೇ ಬಿಟ್ಟ ತಗ್ಗಿನ ಜಾಗದಲ್ಲಿ ಮಾತ್ರ, ಬೇರೆಲ್ಲೂ ಬೇಡ. ಬೇರೆ ಕಡೆ ಅಂಟಿಸಿದ ಚೀಟಿ ಡ್ರೈವ್ ಒಳಗೆ ಕಿತ್ತು ಬಂದರೆ ಮತ್ತೆ ಹಂತ 1ರಿಂದ ಶುರು ಮಾಡಬೇಕಾಗುತ್ತದೆ.